ಕೊರಗಪ್ಪನವರ ಕೈಗುಣಕ್ಕೆ ಬೆಳ್ಳಿ ಮದ್ದು

ಮುಲುಂಡ್ ಸ್ಟೇಷನ್ ಎದುರಿನ ತಮ್ಮ ಹೋಟೆಲಿನಲ್ಲಿ ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿ ಕಲಸುವ ಕೆಲಸವನ್ನು ಕೊರಗಪ್ಪನವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಹಿಟ್ಟು ಉಬ್ಬುವುದು ಉದ್ದಿನಿಂದಲ್ಲ, ತಮ್ಮ ಕೈಗುಣದಿಂದ ಎಂದು ಅವರ ನಂಬಿಕೆ. ಸೌಟು ಹಾಕಿ ಕಲಸಿದ ಹಿಟ್ಟನ್ನು ಅವರು ಸಿಮೆಂಟು ಎಂದೇ ಕರೆಯುತ್ತಿದ್ದರು.

ಅಂಥ ಕೈಗೇ ನಂಜು ಹತ್ತಿತು. ಸದಾ ಒದ್ದೆಯಾಗಿದ್ದ ಬೆರಳ ಸಂದುಗಳು ಕೆಂಪೇರಿ ತುರಿಸತೊಡಗಿದವು. ಮನೆಯ ಫ್ರಿಜ್ಜಿನಲ್ಲಿ ಚಹಾ ಬಣ್ಣದ ಬಾಟಲಿಯೊಂದಿತ್ತು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಎಂ.ಎಸ್ಸಿ. ಓದುವ ಮಗಳು ನಿಶ್ಮಿತಾಳ ಪ್ರಾಜೆಕ್ಟ್ ಅದು. ಹೋಟೆಲಿನವರು ಎಸೆಯುವ ಕರಿಬೇವಿನ ಕಡ್ಡಿ ಕುದಿಸಿ, ಆ ಕಷಾಯಕ್ಕೆ ಬೆಳ್ಳಿಯ ಲವಣ ಬೆರೆಸಿ, ಬೇರೆ ವಿಷದ ರಾಸಾಯನಿಕವಿಲ್ಲದೆ ತಯಾರಿಸಿದ ಬೆಳ್ಳಿಯ ನ್ಯಾನೊ ಕಣಗಳು. ಅವು ರೋಗಾಣುಗಳನ್ನು ಕೊಲ್ಲಬೇಕು ಎಂಬುದು ಅವಳ ಆಸೆ.

"ಇನ್ನೂ ಟೆಸ್ಟ್ ಆಗಿಲ್ಲ ಪಪ್ಪಾ, ಮುಟ್ಟಬೇಡಿ" ಎಂದಿದ್ದಳು. ಮುಟ್ಟಬೇಡಿ ಎಂದ ಮೇಲೆ ಮದ್ದು ಬಲವಾದದ್ದೇ ಇರಬೇಕೆಂದು ಕೊರಗಪ್ಪನವರು ಗುಟ್ಟಾಗಿ ಎರಡೂ ಕೈಗೆ ಬಳಿದುಕೊಂಡು ಹಿಟ್ಟು ಕಲಸಿದರು.

ಬೆಳಿಗ್ಗೆ ಹಿಟ್ಟು ಇಟ್ಟ ಹಾಗೇ ಇತ್ತು, ಒಂದು ಗುಳ್ಳೆಯೂ ಇಲ್ಲ. ಚಳಿಗೆ ಹೀಗಾಯಿತೆಂದರು, ಮೇ ತಿಂಗಳ ಬೆವರು ಒರೆಸಿಕೊಳ್ಳುತ್ತ. ಸಂಜೆ ಇನ್ನಷ್ಟು ಧಾರಾಳವಾಗಿ ಮದ್ದು ಹಚ್ಚಿಕೊಂಡು ಕಲಸಿದರು. ಮತ್ತೆ ಅದೇ ಕತೆ. ಹಿಟ್ಟೆಲ್ಲ ಮೋರಿಗೆ ಹೋಯಿತು, ಗಿರಾಕಿಗಳೆಲ್ಲ ಎದುರಿನ ಧರ್ಮಣ್ಣನ ಹೋಟೆಲಿಗೆ ಹೋದರು. ಕೊರಗಪ್ಪನವರಿಗೆ ನಿಜವಾಗಿಯೂ ಅಳು ಬಂತು.

"ನನ್ನ ಕೈಗುಣ ಹೋಯ್ತು ಮಾರಾಯ್ತಿ. ಹೋಟ್ಲು ಧರ್ಮಣ್ಣನಿಗೇ ಕೊಟ್ಟುಬಿಡುವ" ಎಂದರು ಹೆಂಡತಿಯ ಹತ್ತಿರ.

ನೀಲಾವತಿ ಅವರ ಕೈ ಹಿಡಿದು ತಿರುಗಿಸಿ ನೋಡಿದರು. "ಕೈ ಸಮಾ ಉಂಟಲ್ಲ. ನಂಜು ಸಹ ಇಲ್ಲ. ಎಂತ ಹಚ್ಚಿದ್ದು ನೀವು?"

ಪಕ್ಕದಲ್ಲೇ ಇದ್ದ ನಿಶ್ಮಿತಾ ಫ್ರಿಜ್ಜಿನ ಹತ್ತಿರ ಓಡಿದಳು. ಬಾಟಲಿ ಖಾಲಿಯಾಗಿತ್ತು. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು.

"ಪಪ್ಪಾ, ಇದು ಬ್ಯಾಕ್ಟೀರಿಯಾ ಸಾಯಿಸ್ತದೆ. ಹಿಟ್ಟು ಉಬ್ಬಿಸೋದು ಕೂಡ ಬ್ಯಾಕ್ಟೀರಿಯಾನೇ. ಮತ್ಲಬ್, ನಿಮ್ಮ ಕೈಗುಣ ಅಂದ್ರೆ..."

ಸಂಜೆ ಕೊರಗಪ್ಪನವರು ಮದ್ದೆಲ್ಲ ಹೋಗುವಂತೆ ಕೈಯನ್ನು ಚೆನ್ನಾಗಿ ತಿಕ್ಕಿ ತೊಳೆದು, ದೇವರ ಹೆಸರು ಹೇಳಿ ಹಿಟ್ಟು ಕಲಸಿದರು.

ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು. ಕೊರಗಪ್ಪನವರು ಮಗಳನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಮಗಾ, ನೀನು ಕಾಲೇಜಲ್ಲಿ ಬ್ಯಾಕ್ಟೀರಿಯಾ ಅಂತಲೇ ಬರಿ, ನನ್ನದೇನೂ ಅಡ್ಡಿಯಿಲ್ಲ. ಮುಲುಂಡಲ್ಲಿ ಮಾತ್ರ ಅದು ಕೈಗುಣ ಅಂತಲೇ ಇರ್ಲಿ."