ಮಡಚಿ ಸುತ್ತಿದ ತಂತಿ

ಬಲ್ಬು ಹತ್ತಿದ್ದೇ ತಡ, ಅಬ್ದುಲ್ ರಜಾಕ್ ಪಕ್ಕದ ಟೈರ್ ಅಂಗಡಿಯ ಶಿವಲಿಂಗಪ್ಪನನ್ನು ಕೂಗಿ ಕರೆದರು. "ಬರ್ರಿ ಇಲ್ಲಿ, ನಮ್ಮ ಹುಡುಗಿ ಮಷಿನ್ ಚಾಲೂ ಆತು."

ಯಲ್ಲಾಪುರದ ಅವರ ಮೋಟರ್ ರಿವೈಂಡಿಂಗ್ ಅಂಗಡಿಯ ಮೂಲೆಯಲ್ಲಿ ಮಗಳು ಅರ್ಷಿಯಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಅವಳೂ ಹೆಗ್ಗರಣೆಯ ಭೂಮಿಕಾಳೂ ಕಾಲೇಜಿನ ಗೆಳತಿಯರು. ಹವ್ಯಾಸಿ ರೇಡಿಯೋ ಪರವಾನಗಿಯ ಪರೀಕ್ಷೆಯನ್ನೂ ಜೊತೆಗೇ ಬರೆದವರು. ಹೋದ ಸಲ ಅರ್ಷಿಯಾಳ ಬಡಕಲು ದನಿ ರೇಡಿಯೋದಲ್ಲಿ ಹೆಗ್ಗರಣೆಗೆ ಮುಟ್ಟುವಷ್ಟರಲ್ಲಿ ಗದ್ದಲದಲ್ಲಿ ಕರಗಿಹೋಗಿತ್ತು. ಅದಕ್ಕೇ ದನಿಗೆ ಬಲ ತುಂಬುವ ಈ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಇವತ್ತು ಸಂಜೆ ಭೂಮಿಕಾ ಕಿವಿಗೊಟ್ಟು ಕಾಯುತ್ತಾಳೆ. ತಾನು ಕಟ್ಟಿದ ಯಂತ್ರದಿಂದ ತನ್ನ ದನಿ ಅವಳಿಗೆ ಮುಟ್ಟಬೇಕು. ಅರ್ಷಿಯಾಳಿಗೆ ಬೇಕಿದ್ದದ್ದು ಅಷ್ಟೇ.

ಆಂಟೆನಾದ ಬದಲು ಪರೀಕ್ಷೆಗೆಂದು ಸಿಕ್ಕಿಸಿದ್ದ ಆ ಬಲ್ಬು ಅವಳು ಮಾತಾಡಿದಾಗ ಮಾತ್ರ ಹತ್ತಬೇಕಿತ್ತು. ಅವಳಿನ್ನೂ ತುಟಿ ಬಿಚ್ಚಿರಲಿಲ್ಲ.

"ಅಬ್ಬಾ, ಇದು ತನ್ನಷ್ಟಕ್ಕೆ ತಾನೇ ಕೂಗಾಕತ್ತೈತಿ. ಹಿಂಗ ಬಿಟ್ರ ಟ್ರಾನ್ಸಿಸ್ಟರ್ ಸುಡತೈತಿ," ಎಂದು ಅಪ್ಪನಿಗೆ ಹೇಳಿ ಸ್ವಿಚ್ ಆರಿಸಿದಳು.

"ಯಾರೂ ಕೇಳದಿದ್ರೂ ಕೂಗತೈತಿ ಅಂದ್ರ ನಿಮ್ಮಪ್ಪನ ಹಂಗ ಆತಲ್ಲವ್ವ," ಎಂದ ಶಿವಲಿಂಗಪ್ಪ.

ಅವಳ ಕಣ್ಣು ಒಂದೊಂದೇ ಭಾಗವನ್ನು ಸವರುತ್ತ ರೆಸಿಸ್ಟರಿನ ಮೇಲೆ ನಿಂತಿತು. ಆಂಪ್ಲಿಫೈಯರನ್ನು ಹದ್ದುಬಸ್ತಿನಲ್ಲಿ ಇಡಬೇಕಾದದ್ದು ಅದೇ. ಬಿಸಿ ತಾಳುವಂಥದ್ದು ಬೇಕೆಂದಾಗ ಅಬ್ಬಾ ಹೀಟರಿಗೆ ಹಾಕುವ ನೈಕ್ರೋಮ್ ತಂತಿ ತಂದು, ಮೋಟರಿಗೆ ಸುತ್ತುವಷ್ಟೇ ಮುತುವರ್ಜಿಯಿಂದ, ಸುತ್ತುಗಳನ್ನು ಒಂದೇ ಅಳತೆಯ ಅಂತರದಲ್ಲಿ ಕೂರಿಸಿ ಮಾಡಿಕೊಟ್ಟಿದ್ದರು. ನೋಡಲು ಒಡವೆಯಂತಿತ್ತು. ತಪ್ಪು ಆ ಚಂದದಲ್ಲೇ ಇತ್ತು.

ಡಬ್ಬಿಯಲ್ಲಿ ಸಣ್ಣ ಕಾರ್ಬನ್ ರೆಸಿಸ್ಟರುಗಳಿದ್ದವು; ನಾಲ್ಕಾರು ಸೇರಿಸಿ ಜೋಡಿಸಿದರೆ ಅವೂ ಬಿಸಿ ತಾಳುತ್ತಿದ್ದವು. ಅಬ್ಬಾ ಚಹಾಕ್ಕೆ ಹೋದಾಗ ಬದಲಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವಳು, ತಪ್ಪಿರುವುದು ಅವರು ಸುತ್ತಿದ ರೆಸಿಸ್ಟರಿನಲ್ಲೇ ಎಂದು ಹೇಳಿಯೇಬಿಟ್ಟಳು.

"ಮೀಟರ್ ಸರಿಯಾಗೇ ತೋರಿಸ್ತಲ್ಲ ಬೇಟಾ?"

"ಮೀಟರಿಂದು ಒಂದೇ ದಿಕ್ಕಿಗೆ ಹೋಗೋ ಕರೆಂಟು, ಅಬ್ಬಾ. ಇಲ್ಲಿ ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಿಂದ ಮುಂದ ಓಡತೈತಿ. ಅಂಥಾದಕ್ಕ ಇದು ಬರೀ ರೆಸಿಸ್ಟರ್ ಅಲ್ಲ, ಸುರುಳಿ. ನಿಮ್ಮ ಸುತ್ತೇ ಆ ಕರೆಂಟಿಗೆ ಅಡ್ಡ ನಿಂತು, ಹಿಡಿತ ತಪ್ಪಿ ಮಷಿನ್ ಕೂಗತೈತಿ."

ಅಬ್ದುಲ್ ರಜಾಕ್ ಆ ಸುರುಳಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಅವರು ಹೊಟ್ಟೆ ಕುಣಿಸಿ ನಗತೊಡಗಿದರು.

"ಕೈಗೆ ತಂತಿ ಸಿಕ್ರ ಸುತ್ತೋದು ಬಿಟ್ಟು ನನಗ ಬ್ಯಾರೆ ಏನ್ ಬರತೈತಿ? ಈಗ ಸುತ್ತಲೇಬಾರದೇನು?"

"ಸುತ್ತ್ರಿ. ಆದ್ರ ತಂತಿ ನಡುವಿಗೆ ಮಡಚಿ, ಎರಡೂ ಎಳೆ ಜೋಡಿಯಾಗಿ ಸುತ್ತ್ರಿ. ಹೋಗೋ ಕರೆಂಟು ಮಾಡಿದ್ದನ್ನ ಬರೋ ಕರೆಂಟು ಅಳಸತೈತಿ."

"ಸುತ್ತಿಯೂ ಸುತ್ತದಂಗ," ಎಂದರು ಅವರು. ಎಳೆಗಳು ಒಂದಕ್ಕೊಂದು ತಾಗದಂತೆ ನಡುವೆ ಬಿಸಿಗೆ ಸುಡದ ಗಾಜಿನ ನೂಲು ಬಿಟ್ಟು ಹೊಸದಾಗಿ ಸುತ್ತಿದರು. ಈ ಸಲ ಒಡವೆಯಂತೆ ಕಾಣಲಿಲ್ಲ. ಅರ್ಷಿಯಾ ಬೆಸುಗೆ ಹಾಕಿ ಸ್ವಿಚ್ ಒತ್ತಿದಳು. ಬಲ್ಬು ಕಪ್ಪಗೇ ಇತ್ತು. "ಹಲೋ" ಅಂದಳು, ಮಿಂಚಿ ಆರಿತು.

ಆಂಟೆನಾ ಜೋಡಿಸಿ, ಪರವಾನಗಿಯ ಜೊತೆ ಸಿಕ್ಕ ತನ್ನ ಕರೆಗುರುತು ಹೇಳಿ ಭೂಮಿಕಾಳನ್ನು ಕರೆದಳು. ಬರೀ ಸುಯ್ಯೆನ್ನುವ ಸದ್ದು. ಮತ್ತೆ ಕರೆದಳು.

"ಕೇಳ್ತಾ ಇದೆ ಮಾರಾಯ್ತಿ, ಪಕ್ಕದ ಕೋಣೆಯಿಂದ ಕರೆದ ಹಾಗೆ. ಈ ಸಲ ಎಂತ ಮಾಡಿದ್ಯೇ?" ಭೂಮಿಕಾಳ ದನಿ ಅಂಗಡಿಯನ್ನೆಲ್ಲ ತುಂಬಿತು.

"ರೆಸಿಸ್ಟರ್ ಬದಲಿಸಿದ್ವಿ," ಎಂದಳು ಅರ್ಷಿಯಾ. "ಅಬ್ಬಾ ಸುತ್ತಿದ್ದು."

"ಹಾಗಾದ್ರೆ ನಂಗೂ ಒಂದು ಸುತ್ತಿಕೊಡೂಕೆ ಹೇಳು."

ಅಬ್ದುಲ್ ರಜಾಕ್ ಆಗಲೇ ಇನ್ನೊಂದು ತುಂಡು ತಂತಿ ಅಳೆಯತೊಡಗಿದ್ದರು.