ಇದ್ದಿಲಿನ ಲೆಕ್ಕ

ಹಿತ್ತಲ ಬಾಗಿಲ ಅಗುಳಿ ಅಲ್ಲಾಡಿದ ಸದ್ದಿಗೆ ಸೀತಾಳ ಕೈಯಲ್ಲಿದ್ದ ಹಿತ್ತಾಳೆ ತಂಬಿಗೆ ಬಾವಿಕಟ್ಟೆಯ ಮೇಲೆ ಠಣ್ಣೆಂದು ಬಿತ್ತು. ಮಾರನೆಯ ದಿನ ಅಜ್ಜನ ವೈದಿಕ. ದೇವರಮನೆಯ ಪಾತ್ರೆಗಳನ್ನೆಲ್ಲ ಹೊರಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದ ಅಜ್ಜಿ ತುಂಗಮ್ಮ, "ಇಲ್ಲಿ ಕಿಲುಬು ಹಾಗೇ ಇದೆ, ಕಣ್ಣು ಎಲ್ಲಿಟ್ಟಿದೀಯೆ?" ಎಂದು ಒಂದೊಂದಕ್ಕೂ ಕೊಂಕು ತೆಗೆಯುತ್ತಿದ್ದರು.

"ಸೀತಾ, ನಾನು ಕಣೆ. ಬಾಗಿಲು ತೆಗಿ" ಎಂದಿತು ಆಚೆಯ ದನಿ.

ದಾಕ್ಷಾಯಣಿ. ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಬರುವವಳು. ಬಿ.ಎಸ್ಸಿ. ಕೊನೆಯ ವರ್ಷದ ಗಣಿತಕ್ಕೆ ಸೀತಾಳನ್ನು ಬಿಟ್ಟರೆ ಇದ್ದ ಇನ್ನೊಬ್ಬಳೇ ಹುಡುಗಿ. ಎರಡು ವರ್ಷದಿಂದ ಇಬ್ಬರೂ ಸೇರಿ ಓದುತ್ತಿದ್ದರು. ಸ್ಟಾಟಿಕ್ಸು, ಡೈನಮಿಕ್ಸು ದಾಕ್ಷಾಯಣಿ ಹೇಳಿಕೊಡಬೇಕು, ಸೀರೀಸು, ಕನ್ವರ್ಜೆನ್ಸು ಸೀತಾ. ಓದು ಸಾಮಾನ್ಯವಾಗಿ ಮುಂದಿನ ಪಡಸಾಲೆಯಲ್ಲಿ. ದಾಕ್ಷಾಯಣಿ ಮುಂಬಾಗಿಲಿಂದಲೇ ಬರುತ್ತಿದ್ದಳು, ತಿಂಗಳಿಗೆ ಮೂರು ದಿನ ಬಿಟ್ಟು.

ಆ ಮೂರು ದಿನ ಸೀತಾಳಿಗೆ ಹಿತ್ತಲ ಸೌದೆಕೋಣೆಯೇ ಗತಿ. ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಕಾಲೇಜಿಗೆ ಹೋಗುವಂತಿಲ್ಲ, ಪುಸ್ತಕ ಮುಟ್ಟುವಂತಿಲ್ಲ. ಸರಸ್ವತಿಯಲ್ಲವೇ! ಮೊದಲ ಸಲ ಇದನ್ನು ಕೇಳಿ ದಾಕ್ಷಾಯಣಿ ಬಾಯಿಬಿಟ್ಟುಕೊಂಡು ನಿಂತಿದ್ದಳು. "ನಮ್ಮಲ್ಲಿ ಇದೆಲ್ಲ ಇಲ್ಲ ಅಜ್ಜಿ. ಕೊರಳಲ್ಲಿ ಲಿಂಗ ಇರೋವಾಗ ಎಲ್ಲಿಯ ಸೂತಕ?" ಅಂದಿದ್ದಳು. "ನಿಮಗೆ ಇಲ್ಲ, ನಮಗೆ ಇದೆ ಮಾರಾಯ್ತಿ. ಬರೋದಾದ್ರೆ ಹಿತ್ತಲಿಂದ ಬಾ, ಒಳಗೆಲ್ಲ ತುಳಿದಾಡಬೇಡ" ಎಂದು ತುಂಗಮ್ಮನೇ ದಾರಿ ತೋರಿಸಿದ್ದರು. ಅಂದಿನಿಂದ ಆ ದಿನಗಳಲ್ಲಿ ದಾಕ್ಷಾಯಣಿ ಓಣಿ ಸುತ್ತಿಕೊಂಡು ಬಂದು, ಸೌದೆಕೋಣೆಯ ಹೊಸಿಲಾಚೆ ಕೂತು ಪುಸ್ತಕ ಬಿಡಿಸಿ ಓದುವಳು. ಸೀತಾ ಒಳಗೆ ಇದ್ದಿಲು ಹಿಡಿದು ನೆಲದ ಮೇಲೆ ಬಿಡಿಸುವಳು. ಇದ್ದಿಲು ಪುಸ್ತಕವಲ್ಲವಲ್ಲ, ಅಜ್ಜಿಯೂ ಕಂಡೂ ಕಾಣದ ಹಾಗೆ ಇದ್ದರು.

"ಒಂದು, ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು... ಚೂರು ಸಣ್ಣಗಾಗ್ತಾನೇ ಹೋಗುತ್ತಲ್ಲೇ. ಕೂಡಿದರೆ ಎಲ್ಲಾದರೂ ಒಂದು ಕಡೆ ನಿಲ್ಲಬೇಕಲ್ಲ ಮಾರಾಯ್ತಿ?" ಎಂದು ದಾಕ್ಷಾಯಣಿ ಜಗಳಕ್ಕೇ ನಿಂತಿದ್ದಳು ಹಿಂದಿನ ತಿಂಗಳು.

"ನಿಲ್ಲಲ್ಲ. ಗುಂಪು ಮಾಡಿ ನೋಡು. ಮೂರರಲ್ಲೊಂದು, ನಾಲ್ಕರಲ್ಲೊಂದು, ಈ ಎರಡು ಕೂಡಿದರೆ ಅರ್ಧಕ್ಕಿಂತ ಜಾಸ್ತಿ. ಮುಂದಿನ ನಾಲ್ಕು ಕೂಡಿದರೂ ಅರ್ಧಕ್ಕಿಂತ ಜಾಸ್ತಿ. ಅದರ ಮುಂದಿನ ಎಂಟೂ ಅಷ್ಟೆ. ಹೀಗೇ ಅರ್ಧ ಅರ್ಧ ಸಿಕ್ತಾ ಹೋದರೆ ನಿಲ್ಲೋದೆಲ್ಲಿ?"

"ಅಯ್ಯೋ ನಿನ್ನ! ಇಷ್ಟೇನಾ?" ಎಂದು ದಾಕ್ಷಾಯಣಿ ಹಣೆ ಚಚ್ಚಿಕೊಂಡಿದ್ದಳು.

ಈ ಸಲ ಲೆಕ್ಕ ತಪ್ಪಿದ್ದು ಸೀತಾಳ ಮೈಯೇ. ಮೂರು ದಿನ ತಡೆದಿದ್ದರೆ ಪರೀಕ್ಷೆ ಮುಗಿದಿರುತ್ತಿತ್ತು. ಸೋಮವಾರ ಬೆಳಿಗ್ಗೆ, ಕೊನೆಯದರ ಹಿಂದಿನ ಪೇಪರಿನ ದಿನವೇ ಹೊರಗಾದಳು. ಹೇಳಿದರೆ ಸೌದೆಕೋಣೆ. ಅಪ್ಪ ಯಜ್ಞನಾರಾಯಣರ ಮಾತು ಅವಳ ಕಿವಿಯಲ್ಲೇ ಇತ್ತು: "ಫಸ್ಟ್ ಕ್ಲಾಸ್ ಬಂದರೆ ಎಂ.ಎಸ್ಸಿ.ಗೆ ಮೈಸೂರು. ಇಲ್ಲದಿದ್ದರೆ ವಿದ್ಯಾನಗರದ ವಕೀಲರ ಮನೆಯವರಿಗೆ ಹೂಂ ಅಂತೀನಿ. ಆಮೇಲೆ ತಕರಾರು ಕೂಡದು." ಒಂದೇ ಏಟಿಗೆ ಎಲ್ಲ ಪೇಪರೂ ಮುಗಿಸದಿದ್ದರೆ ಕ್ಲಾಸಿನ ಮಾತೇ ಇಲ್ಲ. ಸೀತಾ ಬಾಯಿ ಹೊಲಿದುಕೊಂಡು, ಎಲ್ಲರ ನಡುವೆ ಓಡಾಡಿಕೊಂಡು, ದೇವರಿಗೆ ದೂರದಿಂದಲೇ ಕೈಮುಗಿದು ಕಾಲೇಜಿಗೆ ಹೋಗಿದ್ದಳು. ಅಮ್ಮ ಸುಬ್ಬಲಕ್ಷ್ಮಿ ಬಚ್ಚಲಲ್ಲಿ ಕೆಂಪು ಕಲೆ ನೋಡಿದ್ದರು. ನೋಡಿ, ನೀರು ಸುರಿದು, ಸುಮ್ಮನಾಗಿದ್ದರು.

ಪರೀಕ್ಷೆಯ ಹಾಲಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತವಳನ್ನು ದಾಕ್ಷಾಯಣಿ ಕೇಳಿದ್ದಳು. "ಹೊರಗಾಗಿದೀಯಾ? ಮನೇಲಿ ಬಿಟ್ರಾ?"

"ಬಿಟ್ರು" ಎಂದಿದ್ದಳು ಸೀತಾ. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಹೇಳಲು ಪುರಸೊತ್ತಾಗಲಿಲ್ಲ. ಸಂಜೆ ದಾಕ್ಷಾಯಣಿ ರೈಲಿಗೆ ಓಡಿದ್ದಳು.

ಈಗ ನಾಳಿನ ಕೊನೆಯ ಪೇಪರಿಗೆ ಓದಲೆಂದು ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಾಳೆ. ಆ ಮನೆಯ ರೀತಿಗೆ ಚ್ಯುತಿ ಬರಬಾರದೆಂದು ಓಣಿಯನ್ನೆಲ್ಲ ಸುತ್ತಿಕೊಂಡು ಬಂದು!

ತುಂಗಮ್ಮನೇ ಎದ್ದು ಅಗುಳಿ ತೆಗೆದರು. "ಏನೇ ಮಾರಾಯ್ತಿ, ಹಿತ್ತಲಿಂದ ಬಂದೆ?"

"ಸೀತಾ ಹೊರಗೆ..." ಎಂದ ದಾಕ್ಷಾಯಣಿಯ ಕಣ್ಣು ಬಾವಿಕಟ್ಟೆಯ ಕಡೆಗೆ ಹೋಯಿತು. ಸೀತಾಳ ಹುಳಿ ಹತ್ತಿದ ಕೈ, ಸುತ್ತ ಹೊಳೆಯುವ ದೇವರ ಪಾತ್ರೆಗಳು. "ಅಲ್ಲ ಅಜ್ಜಿ, ಮುಂದಿನ ಬಾಗಿಲು ಹಾಕಿತ್ತು. ಅದಕ್ಕೆ..."

ಮುಂದಿನ ಬಾಗಿಲು ಹಾರುಹೊಡೆದಿತ್ತು. ಬಾವಿಕಟ್ಟೆಯಿಂದ ನೋಡಿದರೆ ನಡುಮನೆ ದಾಟಿ ಬೀದಿಯಲ್ಲಿ ಹೋಗುವ ಜಟಕಾ ಕೂಡ ಕಾಣುತ್ತಿತ್ತು.

ತುಂಗಮ್ಮ ಕೂಗಾಡಲಿಲ್ಲ. ಮೊಮ್ಮಗಳ ಮುಖವನ್ನು ಒಂದು ಗಳಿಗೆ ನೋಡಿ, "ಎಷ್ಟನೇ ದಿನ?" ಎಂದರು.

"ಎರಡು."

"ಶಿವ ಶಿವಾ! ನಿನ್ನೆಯಿಂದ ಮನೆಯೆಲ್ಲ ಒಂದು ಮಾಡಿದ್ಯಲ್ಲೇ ಮುಂಡೇದೇ!" ಎಂದು ಹಾಗೇ ಕುಸಿದು ಕೂತರು. ಆಮೇಲೆ ಶುರುವಾಯಿತು. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ನಾಳೆಗೆಂದು ಮಾಡಿಟ್ಟಿದ್ದ ಉಂಡೆಯನ್ನೆಲ್ಲ ಹಸುವಿನ ಬಾನಿಗೆ ಹಾಕಿಸಿದರು. ಸುಬ್ಬಲಕ್ಷ್ಮಿ ಅಡುಗೆಮನೆ ತೊಳೆಯತೊಡಗಿದರು. ಮಗಳು ಸೌದೆಕೋಣೆಯಿಂದ ಅಮ್ಮನ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ತಿರುಗಲೇ ಇಲ್ಲ.

ಸಂಜೆ ಯಜ್ಞನಾರಾಯಣರು ಹೈಸ್ಕೂಲಿನಿಂದ ಬಂದರು. ಸಂಸ್ಕೃತದ ಮೇಷ್ಟರು. ಮಗಳು ಲೆಕ್ಕದಲ್ಲಿ ಗಟ್ಟಿ ಎಂದು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ತಿರುಗುವವರು. ತಾಯಿಯ ಹತ್ತಿರ ತಗ್ಗಿದ ದನಿಯಲ್ಲಿ, "ಬೆಳಿಗ್ಗೆ ಹಿತ್ತಲಿಂದಲೇ ಹೋಗಿ ಬರೆದು ಬಂದುಬಿಡಲಿ ಅಮ್ಮ" ಎಂದದ್ದು ಸೀತಾಳಿಗೆ ಕೇಳಿಸಿತು.

"ಹೋಗಲಿ. ಧಾರಾಳವಾಗಿ ಹೋಗಲಿ. ನಿಮ್ಮಪ್ಪನ ಮನೆಗೇ ಮೈಲಿಗೆ ತಂದವಳು ಪರೀಕ್ಷೆ ಬರೆದು ಮೆರೆಯಲಿ. ನಾಳೆ ಅವರ ಪಿಂಡ ಇಡುವಾಗ ನನ್ನದನ್ನೂ ಪಕ್ಕದಲ್ಲೇ ಇಟ್ಟುಬಿಡು. ಎರಡೆರಡು ಖರ್ಚು ಯಾಕೆ?"

ಅಪ್ಪ ಕತ್ತಲಾಗುವ ಮುಂಚೆ ಸೌದೆಕೋಣೆಯ ಎದುರು ಬಂದು, ಮಗಳ ಮುಖ ನೋಡದೆ ತೆಂಗಿನಮರ ನೋಡುತ್ತ, "ಸೆಪ್ಟೆಂಬರಿನಲ್ಲಿ ಕಟ್ಟಿದರಾಯಿತು ಮಗೂ" ಎಂದರು.

"ಸೆಪ್ಟೆಂಬರಿನಲ್ಲಿ ಬರೆದರೆ ಕ್ಲಾಸ್ ಕೊಡಲ್ಲಪ್ಪ."

"ಗೊತ್ತು."

"ಮೈಸೂರು?"

ಅವರು ಅಂಗವಸ್ತ್ರ ಸರಿಮಾಡಿಕೊಂಡು ಒಳಗೆ ಹೋದರು. ಸೀತಾಳಿಗೆ ಅಜ್ಜಿಯ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಬಂದದ್ದು ಆ ಅಂಗವಸ್ತ್ರದ ಮೇಲೆ.

ಬುಧವಾರ ಒಳಗಿನಿಂದ ಮಂತ್ರ ಕೇಳುತ್ತಿತ್ತು, ತುಪ್ಪದ ವಾಸನೆ ಬರುತ್ತಿತ್ತು. ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಹಂಚುವ ಹೊತ್ತು. ಸೀತಾ ಇದ್ದಿಲು ಎತ್ತಿಕೊಂಡಳು. ಒಂದು, ಅರ್ಧ, ಮೂರರಲ್ಲೊಂದು ಎಂದು ಬರೆಯುತ್ತ, ಗುಂಪು ಕಟ್ಟುತ್ತ, ಸೌದೆಯ ರಾಶಿಯಿಂದ ಹೊಸಿಲವರೆಗೂ ನೆಲ ತುಂಬಿಸಿದಳು. ಯಾರೂ ತಿದ್ದದ, ಯಾರೂ ಅಂಕ ಕೊಡದ ಉತ್ತರ. ಒಂದು ಕಡೆಯೂ ತಪ್ಪಿರಲಿಲ್ಲ.

ಸಂಜೆ ಹಿತ್ತಲ ಬಾಗಿಲಾಚೆ ದಾಕ್ಷಾಯಣಿ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು. "ಮುಂದಿನಿಂದ ಬಂದಿದ್ರೆ ಏನೂ ಆಗ್ತಿರಲಿಲ್ಲ ಕಣೆ. ನಿಮ್ಮಜ್ಜಿಗೆ ಬೇಜಾರಾಗಬಾರದು ಅಂತಲೇ..."

"ಗೊತ್ತು. ಸೀರೀಸು ಬಂತಾ?"

"ಬಂತು. ನೀನು ಹೇಳಿಕೊಟ್ಟಿದ್ದೇ. ಅದೇ ಅರ್ಧ ಅರ್ಧ."

"ಬರೆದ್ಯಾ?"

ದಾಕ್ಷಾಯಣಿ ತಲೆ ತಗ್ಗಿಸಿದಳು. "ಪೂರ್ತಿ ಬರೆದೆ."

ಇವಳು ಒಂದಾದರೂ ಸಾಲು ತಪ್ಪಬಾರದಿತ್ತೇ ಎಂದುಕೊಂಡಳು ಸೀತಾ, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯನ್ನೂ ಪಡಲಿಲ್ಲ. ದಾಕ್ಷಾಯಣಿ ಪ್ರಶ್ನೆಪತ್ರಿಕೆಯನ್ನು ಮುಂದೆ ಚಾಚಿದಳು. ಸೀತಾ ಕೈ ಹಿಂದಕ್ಕೆ ಎಳೆದುಕೊಂಡಳು.

"ನಾನು ಮುಟ್ಟೋ ಹಾಗಿಲ್ಲ. ಹೋಗು, ರೈಲು ತಪ್ಪುತ್ತೆ."

ಗುರುವಾರ ಬೆಳಗಾಗುತ್ತಲೇ ಪದ್ಧತಿಯಂತೆ ಸೀತಾ ತಾನು ಕೂತ ಜಾಗವನ್ನು ತಾನೇ ಸಗಣಿ ಹಾಕಿ ಸಾರಿಸಿದಳು. ಹೊಸಿಲ ಕಡೆಯಿಂದ ಸೌದೆಯ ರಾಶಿಯವರೆಗೆ ಲೆಕ್ಕವೆಲ್ಲ ಹಸಿರು ರಾಡಿಯಲ್ಲಿ ಕಲಸಿಹೋಯಿತು. ಸುಬ್ಬಲಕ್ಷ್ಮಿ ಹಂಡೆಯ ಬಿಸಿನೀರನ್ನು ತಲೆಗೆ ಹೊಯ್ದರು.

ಒದ್ದೆ ಕೂದಲಲ್ಲಿ ನಡುಮನೆಗೆ ಬಂದವಳನ್ನು ಕಂಡು ತುಂಗಮ್ಮನ ಮುಖ ಅರಳಿತು. ವೈದಿಕ ಸಾಂಗವಾಗಿ ಮುಗಿದಿತ್ತು, ಅವರ ಕೋಪವೂ ಇಳಿದಿತ್ತು. ಮೂಲೆಯ ಮಂಕರಿಯಲ್ಲಿ ಎತ್ತಿಟ್ಟಿದ್ದ ಗಣಿತದ ಪುಸ್ತಕಗಳನ್ನು ತಾವೇ ತಂದು, ಸೆರಗಿನಿಂದ ಧೂಳು ಒರೆಸಿ, ಅಕ್ಕರೆಯಿಂದ ಮೊಮ್ಮಗಳ ಮುಂದಿಟ್ಟರು.

"ತಗೋಳೆ ಸೀತೂ. ಇನ್ನು ಮುಟ್ಟಬಹುದು."

ಸೀತಾ ತನ್ನ ಕೈ ನೋಡಿಕೊಂಡಳು. ಸೀಗೆಪುಡಿಯಲ್ಲಿ ಎಷ್ಟು ತಿಕ್ಕಿದ್ದರೂ ಉಗುರಿನ ಸಂದಿಯ ಇದ್ದಿಲ ಕಪ್ಪು ಹೋಗಿರಲಿಲ್ಲ.