ಎರಡು ಕೈಯ ಮಾತು

ಟೈಲರ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತಿದ್ದರು. ಅಂಗಿಯ ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹೊಲಿಯುವುದು ಅವಳ ಕೆಲಸ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುವ ಅವಳ ಗಂಡನಿಗೂ ಅಷ್ಟೆ. ಮನೆಯಲ್ಲಿ ಮಾತೆಲ್ಲ ಕೈಯಲ್ಲೇ, ಅದರಲ್ಲೂ ಅವಳ ಕೈ ಬಲು ಜೋರು. ಗಂಡ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರೆ ದೀಪ ಆರಿಸುವ ತನಕ ನಿಲ್ಲುತ್ತಿರಲಿಲ್ಲ. ಸಾಕಾದಾಗ ಅವನು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಅವಳು ಬಿಡುವವಳೇ? ರೆಪ್ಪೆ ಎತ್ತಿ, ಕಣ್ಣು ತೆರೆಸಿ, ಮಾತು ಮುಗಿಸುತ್ತಿದ್ದಳು. ಬಸ್ ಕಂಡಕ್ಟರ್ ಆಗಿದ್ದ ಮಗಳಿಗೆ ಮಾತ್ರ ಕಿವಿ ಕೇಳುತ್ತಿತ್ತು. "ನಮ್ಮನೆಯಷ್ಟು ಗಲಾಟೆ ನಮ್ಮ ಬಸ್ಸಲ್ಲೂ ಇರಲ್ಲ" ಎಂದು ಅವಳು ಎಲ್ಲರಿಗೂ ಹೇಳಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಾಗ ಎಡಗೈಯಲ್ಲಿದ್ದ ಅಂಗಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಸ್ಟೂಲಿನಿಂದ ಎಡಕ್ಕೆ ಉರುಳಿದಳು.

"ಮಿದುಳಿನ ಬಲಭಾಗದೊಳಗೆ ರಕ್ತಸ್ರಾವ ಆಗಿದೆ. ಅದಕ್ಕೇ ಎಡಗಡೆ ಕೈಕಾಲು ಹೋಗಿವೆ" ಎಂದರು ಆಸ್ಪತ್ರೆಯ ಡಾಕ್ಟರಮ್ಮ, ಮಗಳಿಗೆ. "ಒಂದು ಸಮಾಧಾನ ಅಂದ್ರೆ, ಭಾಷೆ ಹೆಚ್ಚಾಗಿ ಎಡಭಾಗದಲ್ಲಿರುತ್ತೆ. ಕೈಮಾತಾದ್ರೂ ಅಷ್ಟೇ. ನಿಮ್ಮ ತಾಯಿಗೆ ಮಾತು ಉಳಿದಿದೆ."

ಮಗಳು ಅದನ್ನು ಕೈಯಲ್ಲಿ ಹೇಳಿದಳು. ಅಮ್ಮ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಹಾಸಿಗೆಯ ಮೇಲೆ ಬಿಟ್ಟಳು. ಅದು ಧೊಪ್ಪನೆ ಬಿತ್ತು. ಮಾತು ಉಳಿದಿದೆಯಂತೆ, ಆಡುವುದು ಯಾವುದರಲ್ಲಿ?

ಕೋಲೂರಿ ನಡೆಯುವಷ್ಟು ಕಾಲು ಬಂತು. ಎಡಗೈ ಮಾತ್ರ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿತು. ಎರಡು ಕೈ ಬೇಕಾದ ಮಾತುಗಳೆಲ್ಲ ಅರ್ಧರ್ಧವಾದವು. ಕಿಟಕಿ ಹಾಕಿ ಎಂದರೆ ಗಂಡ ಪುಸ್ತಕ ತಂದುಕೊಟ್ಟ. ಅದಲ್ಲ ಎಂದರೆ ಬಾಗಿಲು ತೆರೆದ. ಅವಳು ಸಿಟ್ಟಿಗೆದ್ದು ಗಾಜಿನ ಲೋಟ ಎಸೆದಳು. ಅವನು ಚೂರುಗಳನ್ನು ಆರಿಸುತ್ತ ಕೂತ.

ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಹೊಸ ಮಾತ್ರೆಯ ವಿಷಯ ತೆಗೆದರು.

"ಕೈ ಆಡಿಸ್ಬೇಕು ಅನ್ಕೊಂಡ್ರೆ ಸಾಲದು. ಹೂಂ, ಶುರುಮಾಡು ಅನ್ನೋಕೆ ಮಿದುಳಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ ಬೇಕು. ಪೆಟ್ಟು ಬಿದ್ದ ಕಡೆ ಅದರ ಕೆಲಸ ಕುಂದಿದೆ. ಮಾತ್ರೆಯಲ್ಲಿ ಕೊಟ್ಟು ನೋಡೋಣ. ಎಲ್ಲರಿಗೂ ಹಿಡಿಯಲ್ಲ."

"ಜಾಸ್ತಿಯಾದ್ರೆ?" ಮಗಳು ಕೇಳಿದಳು.

"ಹೇಳದೇ ಇದ್ರೂ ಕೈ ಆಡಬಹುದು."

ಮಾತ್ರೆ ಹಿಡಿಯಿತು. ಗಂಡ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವಳು ಹಿಂದೆ ಬಂದು ನಿಂತಳು. ಅವಳ ಎಡಗೈ ಮೆಲ್ಲಗೆ, ನಡುಗುತ್ತ, ಹಲಗೆಯ ಹಾಗೆ ಬಿಚ್ಚಿಕೊಂಡಿತು. ಅದರ ಮೇಲೆ ಬಲಮುಷ್ಟಿಯನ್ನು ಉಜ್ಜಿದಳು. ಪಾಲಿಶ್ ಹಚ್ಚುವ ಹಾಗೆ. ಅವಳು ಅವನಿಗೆ ಇಟ್ಟಿದ್ದ ಹೆಸರು ಅದು. ಕಾಯಿಲೆ ಬಿದ್ದ ಮೇಲೆ ಒಮ್ಮೆಯೂ ಕರೆದಿರಲಿಲ್ಲ. ಕನ್ನಡಿಯಲ್ಲಿ ಅದನ್ನು ಕಂಡವನು ಅರ್ಧ ಸೋಪಿನ ಮುಖದಲ್ಲೇ ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಅವಳು ಬಾಕಿ ಮಾತನ್ನೆಲ್ಲ ಆಡಿ ತೀರಿಸಿದಳು. ಆದರೆ ಬರಬರುತ್ತ ಎಡಗೈ ಅವಳ ಹತೋಟಿ ಮೀರಿತು. ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು, ಮಣಿಕಟ್ಟು ತಿರುಚುತ್ತಿತ್ತು. ಬೇರೆಯವರ ಕಣ್ಣಿಗೆ ಅದು ಬರೀ ಕೈ ಅದುರುವುದು. ಕೈಯಲ್ಲೇ ಮಾತಾಡುವವರ ಕಣ್ಣಿಗೆ ಹಾಗಲ್ಲ.

ಬಾಲ್ಯದ ಗೆಳತಿಯ ಮಗ ತೀರಿಕೊಂಡಿದ್ದ. ಆ ಗೆಳತಿಗೂ ಕಿವಿ ಕೇಳುತ್ತಿರಲಿಲ್ಲ. ಕಾಜಾ ಅಕ್ಕ ಹೋಗಿ ಎದುರಿಗೆ ಕೂತು, "ಅಳು, ನಾನಿದ್ದೀನಿ" ಎಂದಳು ಬಲಗೈಯಲ್ಲಿ. ಅಷ್ಟರಲ್ಲಿ ಎಡಗೈ ಎದ್ದು ಗೆಳತಿಯ ಮುಖದ ಮುಂದೆ "ಹೋಗು, ಹೋಗು" ಎಂಬಂತೆ ಬೀಸತೊಡಗಿತು. ಅದು ಕಾಯಿಲೆ ಎಂದು ಗೆಳತಿಗೆ ಗೊತ್ತಿತ್ತು. ಆದರೂ ಅವಳು ಮುಖ ತಿರುಗಿಸಿಕೊಂಡಳು. ಕಾಜಾ ಅಕ್ಕ ಆ ಕೈಯನ್ನು ತೊಡೆಯ ಕೆಳಗೆ ಅಮುಕಿಕೊಂಡು ಕೂತಳು. ಅದು ಅಲ್ಲೂ ಮಿಸುಕುತ್ತಿತ್ತು.

ಮಾತ್ರೆ ಇಳಿಸಿದರೆ ಕೈ ಮತ್ತೆ ಮುಷ್ಟಿ. ಚೂರು ಏರಿಸಿದರೆ ಮತ್ತೆ ಹುಚ್ಚಾಟ.

"ಹದ ಸಿಗ್ತಿಲ್ಲ" ಎಂದರು ಡಾಕ್ಟರಮ್ಮ. "ಒಳಗಿನ ಗಾಯ ಹಾಗಿದೆ. ಮುಂದುವರಿಸೋದೋ ಬೇಡವೋ, ನೀವೇ ಹೇಳಿ."

"ಅದು ಏನಾದ್ರೂ ಅನ್ಲಿ ಬಿಡಮ್ಮ, ನಾವು ನೋಡದ ಹಾಗೆ ಇರ್ತೀವಿ" ಎಂದಳು ಮಗಳು, ಅಮ್ಮನಿಗೆ ಕೈಯಲ್ಲಿ.

ಅಮ್ಮ ಬೇಡವೆಂದು ತಲೆಯಾಡಿಸಿದಳು. "ನಾನು ಆಡದ ಮಾತು ನನ್ನ ಕೈಯಿಂದ ಬರೋದು ಬೇಡ. ಇದಕ್ಕಿಂತ ಸುಮ್ಮನಿರೋದೇ ವಾಸಿ."

ಮಾತ್ರೆ ನಿಂತಿತು, ಕೈ ಮುಚ್ಚಿಕೊಂಡಿತು. ಆಗ ಗಂಡನೇ ಒಂದು ದಾರಿ ಹುಡುಕಿದ. ಅವಳ ಎಡಕ್ಕೆ, ಭುಜಕ್ಕೆ ಭುಜ ತಾಗಿಸಿ ಕೂತು, ತನ್ನ ಎಡಗೈಯನ್ನು ಅವಳ ಬಲಗೈಯ ಮುಂದೆ ಹಿಡಿದ. ಅವಳು ಅರ್ಧ ಆಡಿದ್ದನ್ನು ಅವನು ಪೂರ್ತಿ ಮಾಡಿದ. ಗೆಳತಿಯ ಮನೆಗೆ ಹೀಗೇ ಹೋಗಿ, ಇಬ್ಬರೂ ಒಟ್ಟಿಗೆ ಕ್ಷಮೆ ಕೇಳಿದರು. ಗೆಳತಿ ಆ ಎರಡು ಕೈಗಳನ್ನೂ ಹಿಡಿದುಕೊಂಡು ಅತ್ತಳು.

ಮನೆಯಲ್ಲಿ ಅದು ಅಷ್ಟು ಸಲೀಸಾಗಲಿಲ್ಲ. ಒಂದು ಸಂಜೆ ಅವನು ತರಕಾರಿ ತರುವುದು ಮರೆತು ಬಂದ. ಅವಳು ಬೈಯಲು ಹೊರಟಳು. ಬೈಗುಳಕ್ಕೂ ಎರಡು ಕೈ ಬೇಕು. ಅವನು ಪಾಪ, ಪಕ್ಕದಲ್ಲಿ ಕೂತು ಕೈ ಕೊಟ್ಟ. "ಸೋಮಾರಿ, ಮರೆಗುಳಿ" ಎಂದು ಅವಳು ಬೈದದ್ದಕ್ಕೆಲ್ಲ ಅವನ ಕೈಯೇ ಜೊತೆಯಾಯಿತು. ಇಬ್ಬರಿಗೂ ನಗು ಬಂತು. ಅವಳ ಭುಜ ಅಲುಗುತ್ತಲೇ ಇತ್ತು. ಇನ್ನೂ ನಗುತ್ತಿದ್ದಾಳೆ ಎಂದು ಅವನೂ ನಗುತ್ತಲೇ ಇದ್ದ. ತಿರುಗಿ ನೋಡಿದರೆ ಅವಳ ಕೆನ್ನೆಯೆಲ್ಲ ಒದ್ದೆ.

"ನಿಮ್ಮನ್ನ ಬೈಯೋಕೂ ನಿಮ್ಮ ಕೈಯನ್ನೇ ಕೇಳ್ಬೇಕಾ ನಾನು?"

ಒಂದೇ ಕೈಯಲ್ಲಿ ಆಡಿದರೂ ಆ ಮಾತು ಅವನಿಗೆ ಪೂರ್ತಿ ತಿಳಿಯಿತು. ಎದ್ದು, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ. ಮಗಳು ಕೆಲಸ ಮುಗಿಸಿ ಬಂದಾಗ ಅವರು ಹಾಗೇ ಕೂತಿದ್ದರು. ಅಮ್ಮ ಒಂದು ಕೈಯಲ್ಲಿ ಒಂದು ಪದ ಆಡುವಳು. ಅಪ್ಪ ಅದನ್ನು ಎರಡು ಕೈಯಲ್ಲಿ ಆಡಿ ತೋರಿಸಿ, "ಇದಾ?" ಎಂದು ಹುಬ್ಬು ಏರಿಸುವನು. ಅವಳು ಅಲ್ಲವೆನ್ನುವಳು. ಇನ್ನೊಂದು. ಮತ್ತೊಂದು.

ಈಗಲೂ ಅವರು ಮಾತಾಡುವುದು ಹಾಗೆಯೇ. ಆ ಮನೆ ಮೊದಲಿನಂತೆ ಗಲಾಟೆಯ ಮನೆಯಲ್ಲ. ತೀರಾ ಬೇಕಾದದ್ದನ್ನಷ್ಟೇ ಆಡಿ, ಮಿಕ್ಕಿದ್ದನ್ನು ಕಾಜಾ ಅಕ್ಕ ಒಳಗೇ ಇಟ್ಟುಕೊಳ್ಳುತ್ತಾಳೆ. ಅವಳು ನಿಲ್ಲಿಸಿದ ಮೇಲೂ ಗಂಡ ಕಣ್ಣು ಮಿಟುಕಿಸದೆ ಅವಳ ಬಲಗೈಯನ್ನೇ ನೋಡುತ್ತ ಕೂತಿರುತ್ತಾನೆ.